ಬೀಜದ ನೀರು

ಇವತ್ತು ರೋಣದ ಹತ್ತಿರ ದಾಳಿಂಬೆ ತೋಟದಲ್ಲಿ ತರುಣನೊಬ್ಬ ಡ್ರಮ್ಮಿನಲ್ಲಿ ಮೈಲುತುತ್ತ ಕದಡುತ್ತಿದ್ದ. ಆ ನೀಲಿ ಕಂಡದ್ದೇ ತಡ, ಪುರ್ತಗೇರಿಯ ನಮ್ಮ ಗುಡಿಹೊಂಡ ಕಣ್ಣ ಮುಂದೆ ಬಂತು.

ಜೋಳದ ತೆನೆಗೆ ಕಾಡಿಗಿ ರೋಗ ಬರಬಾರದೆಂದು ಅಪ್ಪ ಬಿತ್ತುವ ಮೊದಲು ಬೀಜವನ್ನು ಮೈಲುತುತ್ತದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಉಳಿದ ನೀರನ್ನು ಅಂಗಳಕ್ಕೆ ಚೆಲ್ಲುವಂತಿರಲಿಲ್ಲ. "ಬೀಜದ ನೀರು ಲಕ್ಷ್ಮಿ. ತುಳದಾಡೋ ಜಾಗಾದಾಗ ಚೆಲ್ಲಬಾರ್ದು" ಎನ್ನುತ್ತಿದ್ದಳು ಆಯಿ, ಅಪ್ಪನ ತಾಯಿ. ಊರವರೆಲ್ಲ ಭಕ್ತಿಯಿಂದ ಅದನ್ನು ಹೊಂಡಕ್ಕೇ ಬಿಡುತ್ತಿದ್ದರು. ಬೇಸಿಗೆಗೆ ಬತ್ತಿ, ಮೊಣಕಾಲುದ್ದ ನೀರು ಉಳಿದ ಹೊಂಡ ಅದು.

ಅದರಲ್ಲಿ ಆಯಿ ದಿನಾ ಚುರಮರಿ ಹಾಕಿ ಸಾಕಿದ ಮೀನುಗಳಿದ್ದವು. ಬಿತ್ತಿಗೆ ಶುರುವಾದರೆ ಅವು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಹಸಿದಾವೆಂದು ಆಯಿ ಇನ್ನಷ್ಟು ಚುರಮರಿ ಎರಚುತ್ತಿದ್ದಳು. ಮರುದಿನ ಹೊಟ್ಟೆ ಮೇಲಾಗಿ ತೇಲುತ್ತಿದ್ದವು, ಕಿವಿರಿಗೆ ಲೋಳೆ ಕಟ್ಟಿರುತ್ತಿತ್ತು. "ಯಾರ ಕಣ್ಣು ಬಿತ್ತೋ ಏನೋ" ಎಂದು ಆಯಿ ಅಳುತ್ತಿದ್ದಳು. ದೊಡ್ಡ ಮಳೆ ಬಂದಮೇಲೆ ಊರ ಹಳ್ಳದಿಂದ ಮತ್ತೆ ಮರಿ ತರಿಸಿ ಬಿಡುತ್ತಿದ್ದಳು. ಮುಂದಿನ ಬಿತ್ತಿಗೆಗೆ ಅವೂ ಸಾಯುತ್ತಿದ್ದವು.

ಇವತ್ತು ತೋಟದವ ಡ್ರಮ್ಮಿನಲ್ಲಿ ಉಳಿದದ್ದನ್ನು ತೋಟದ ಪಕ್ಕದ ಹಳ್ಳಕ್ಕೆ ಬಗ್ಗಿಸಿದ.

"ತಮ್ಮಾ, ಮೀನು ಸಾಯ್ತಾವೋ" ಎಂದೆ.

"ಎಲ್ಲಿ ಮೀನ್ರೀ ಅಜ್ಜಾರ? ನಾ ಹುಟ್ಟಿದಾಗಿಂದ ಈ ಹಳ್ಳದಾಗ ಒಂದೂ ಕಂಡಿಲ್ರಿ" ಎಂದ.