ತೆರೆಯುವ ಕಿಟಕಿ

ಚನ್ನಪಟ್ಟಣದ ಹಳೆಯ ರೈಲು ನಿಲ್ದಾಣದ ಹೆಂಚಿನ ಕಟ್ಟಡವನ್ನು ಕೆಡವದೆ ರೈಲು ಮ್ಯೂಸಿಯಂ ಮಾಡಬೇಕೆಂದು ಊರಿನವರು ಪ್ಲಾಟ್‌ಫಾರಂನಲ್ಲಿ ಮೇಜು ಹಾಕಿಕೊಂಡು ಸಹಿ ಕೇಳುತ್ತಿದ್ದರು. ಮೈಸೂರಿನ ಗಾಡಿ ತಡ. ನಾನೂ ಸಹಿ ಹಾಕಿ ಅಲ್ಲೇ ನಿಂತೆ. ಪಕ್ಕದಲ್ಲಿ ಮರದ ಗಿಲಕಿ ಮಾರುತ್ತಿದ್ದ ಗೌರಜ್ಜಿಯನ್ನು ಮೇಜಿನ ಹಿಂದಿದ್ದ ಮೇಷ್ಟ್ರು ಕರೆದರು.

“ಮ್ಯೂಸಿಯಂ ಒಳೀಕೆ ಏನ್ ಮಡಗಾನ ಹೇಳವ್ವ. ಗಂಟೆ, ಲಾಟೀನು, ಹಸ್ರು ಬಾವುಟ ಎಲ್ಲಾ ಐತೆ.”

“ಕಿಟ್ಕಿ ತೆಗ್ಯಂಗಿರೋ ಒಂದು ಬೋಗಿ ಮಡಗಿ ಮೇಷ್ಟ್ರೇ,” ಎಂದಳು ಅಜ್ಜಿ. “ಆಗೆಲ್ಲ ಒಳಗಡೆ ಕೂಸು ಅಳೋದು ಇಲ್ಲಿಗೇ ಕೇಳ್ಸೋದು. ಕಿಟ್ಕಿ ತಾವ ನಿಂತ್ಕಂಡು ಒಸಿ ಗಿಲ್ಕಿ ಆಡ್ಸುದ್ರೆ ಸುಮ್ಕಾಗ್ಬುಡೋದು. ಕಾಸು ಹಿಡ್ಕಂಡು ಅವ್ರವ್ವನ ಕೈ ಹೊರಕ್ಕೆ ಬರೋದು.”

“ಬೋಗಿ ಎಲ್ಲಿಂದ ತರಾನವ್ವ? ಮದ್ಲು ಕಟ್ಟಡ ಉಳೀಲಿ,” ಎಂದರು ಮೇಷ್ಟ್ರು.

ಅಷ್ಟರಲ್ಲಿ ಇಲ್ಲಿ ನಿಲುಗಡೆಯಿಲ್ಲದ ಏಸಿ ಗಾಡಿಯೊಂದು ಸಿಗ್ನಲ್‌ಗಾಗಿ ಬಂದು ನಿಂತಿತು. ಗಾಜಿನ ಹಿಂದೆ ಮಗುವೊಂದು ಬಾಯಿ ಅಗಲಿಸಿ ಅಳುತ್ತಿತ್ತು. ದನಿ ಮಾತ್ರ ಇಲ್ಲ. ಅಜ್ಜಿ ಬುಟ್ಟಿ ಕೆಳಗಿಟ್ಟು, ಗಿಲಕಿಯೊಂದನ್ನು ಎತ್ತಿ ಆಡಿಸತೊಡಗಿದಳು. ಗಾಡಿ ಹೊರಟಿತು. ಆಡಿಸುತ್ತಲೇ ಅದರ ಜೊತೆ ನಡೆದಳು, ಪ್ಲಾಟ್‌ಫಾರಂ ಮುಗಿಯುವ ತನಕ.