ಚಂದ್ರಾಮನ ನೇರ ಗೆರೆ

ಮಿಯಾಪುರದಿಂದ ಹೊರಡುವ ಮೆಟ್ರೊ ರೈಲಿನಲ್ಲಿ ದಿನಾ ಬೆಳಿಗ್ಗೆ ಒಬ್ಬ ಮನುಷ್ಯ ಪ್ರತಿ ಸ್ಟೇಷನ್ ಹತ್ತಿರ ಬಂದಾಗಲೂ ಬಲಗಾಲಿನಿಂದ ನೆಲವನ್ನು ಒತ್ತುತ್ತಾನೆ. ರೈಲು ತನ್ನಿಂದಲೇ ನಿಲ್ಲುತ್ತದೆ ಎಂಬ ಭ್ರಮೆ ಅವನಿಗಿಲ್ಲ. ಆದರೆ ಓಡಿಸುವವನು ಅಕಸ್ಮಾತ್ ಮರೆತರೆ ಯಾರಾದರೂ ಒಬ್ಬರು ನೋಡಿಕೊಳ್ಳಬೇಕಲ್ಲ! ಮಜಾ ಏನೆಂದರೆ, ಮೂವತ್ತೊಂದು ವರ್ಷದಿಂದ ಅವನು ನಡೆಸುತ್ತಿರುವ ವಾಹನಕ್ಕೆ ಬ್ರೇಕೇ ಇಲ್ಲ. ಅದು ಬೋಟ್.

ಹೆಸರು ಚಂದ್ರಾಮ. ನಿವೃತ್ತಿಗೆ ಇನ್ನು ಐದು ತಿಂಗಳು. ಅಪ್ಪ ಆಳಂದದ ಕಡೆಯಿಂದ ಬಂದು ಹೈದರಾಬಾದಿನ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ. ಮಗನೂ ಅಲ್ಲೇ ಸೇರಿಕೊಂಡ. ಕಾವಲು ದೋಣಿಗಳಿಗೆ ಬೇಕಾಗುವ ಯಂತ್ರಗಳನ್ನು ಮಾಡುವ ಕಾರ್ಖಾನೆ ಅದು. ಮಾಡಿದ್ದನ್ನು ಸಮುದ್ರಕ್ಕೆ ಕಳಿಸುವ ಮೊದಲು ಊರ ನಡುವಿನ ಹುಸೇನ್ ಸಾಗರ ಕೆರೆಯ ನೀರಿನಲ್ಲಿ ಒಮ್ಮೆ ನೋಡುವುದು ಅಲ್ಲಿನ ಪದ್ಧತಿ. ಅದಕ್ಕೆಂದು ಒಂದು ಫೈಬರ್ ಬೋಟ್, ಆ ಬೋಟಿಗೆಂದು ಒಬ್ಬ ಚಂದ್ರಾಮ.

ಅವನ ಹೆಚ್ಚುಗಾರಿಕೆ ಒಂದೇ: ನೇರ ಗೆರೆ. ಈ ದಡದಿಂದ ಆ ದಡಕ್ಕೆ ಬೋಟನ್ನು ಒಂದಿಷ್ಟೂ ಆಚೀಚೆ ಆಗದಂತೆ ಒಯ್ಯುತ್ತಿದ್ದ. ದಡದ ಮೇಲಿನ ಒಂದು ದೀಪದ ಕಂಬವನ್ನೂ ಅದರ ಹಿಂದೆ ದೂರದಲ್ಲಿ ಕಾಣುವ ಒಂದು ನೀರಿನ ಟಾಂಕಿಯನ್ನೂ ಗುರುತು ಹಿಡಿದು, ಕಂಬ ಟಾಂಕಿಯ ನಟ್ಟನಡುವೆ ಇರುವಂತೆ ನೋಡಿಕೊಂಡರೆ ಆಯಿತು. ಗುಟ್ಟು ಇಷ್ಟೇ, ಆದರೆ ಕೇಳಿದವರಿಗೆ ಹೇಳುತ್ತಿರಲಿಲ್ಲ. "ಕೈಯಾಗ ಇರತೈತ್ರಿ ಅದು," ಎಂದು ಅಂಗೈ ತೋರಿಸುತ್ತಿದ್ದ. ಕಾರ್ಖಾನೆಯ ಪರೀಕ್ಷಾ ವರದಿಗಳಲ್ಲಿ ಮಾತ್ರ ಆ ಕೈಗೆ ಹೆಸರಿರಲಿಲ್ಲ. 'ಬೋಟ್ ಸಿಬ್ಬಂದಿ: ಒಬ್ಬರು' ಎಂದಷ್ಟೇ ಇರುತ್ತಿತ್ತು. ಮೂವತ್ತೊಂದು ವರ್ಷ ಆ 'ಒಬ್ಬರು' ತಾನೇ ಆಗಿದ್ದುದು ಅವನಿಗೆ ಒಳಗೊಳಗೇ ಚುಚ್ಚುತ್ತಿತ್ತು, ಆದರೆ ಬಾಯಿಬಿಟ್ಟು ಹೇಳಿದವನಲ್ಲ.

ಹೀಗಿರುವಾಗ ಒಂದು ಸೋಮವಾರ ನಿರೀಕ್ಷಾ ಬಂದಳು. ಚಿತ್ರದುರ್ಗದ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷವಾದ ಇಂಜಿನಿಯರ್. ಅವಳ ಜೊತೆಗೆ ಎರಡು ಪೆಟ್ಟಿಗೆ, ಒಂದು ಮೋಟಾರು. ಅದು ಬೋಟಿನ ಸ್ಟಿಯರಿಂಗ್ ಚಕ್ರವನ್ನು ತಾನೇ ತಿರುಗಿಸಿಕೊಂಡು ಹೋಗುವ ಆಟೊಪೈಲಟ್.

"ಅಂಕಲ್, ತುಂಬಾ ಸುಲಭ," ಎಂದಳು. "ಮೊದಲು ನೀವೇ ಬೋಟನ್ನ ಬೇಕಾದ ದಿಕ್ಕಿಗೆ ತಿರುಗಿಸಿ ಇಟ್ಕೊಳ್ಳಿ. ಆಮೇಲೆ ಈ ಆಟೊ ಗುಂಡಿ ಒತ್ತಿ. ಅದೇ ದಿಕ್ಕನ್ನ ಅದು ಹಿಡ್ಕೊಳ್ಳುತ್ತೆ. ಸ್ವಲ್ಪ ತಿರುಗಬೇಕಾ? ಇದು ಒಂದು ಡಿಗ್ರಿ, ಇದು ಹತ್ತು ಡಿಗ್ರಿ. ಏನಾದ್ರೂ ಅಡ್ಡ ಬಂತಾ? ಸ್ಟ್ಯಾಂಡ್‌ಬೈ ಒತ್ತಿದ್ರೆ ಚಕ್ರ ಮತ್ತೆ ನಿಮ್ಮ ಕೈಗೆ."

"ಅಡ್ಡ ಬಂದದ್ದು ಅದಕ್ಕ ಕಾಣಸತೈತೇನು?"

"ಇಲ್ಲ. ಅದಕ್ಕೆ ಕಣ್ಣಿಲ್ಲ. ನೋಡೋದು ನೀವೇ."

"ಹಂಗಾರ ಕುರುಡನ ಕೈಯಾಗ ಬೋಟ್ ಕೊಟ್ಟು ನಾ ಬಾಜೂಕ ಕುಂದ್ರಬೇಕು. ಆತು ಬಿಡ್ರಿ."

ಒಂದು ಪೆಟ್ಟಿಗೆ ಚಕ್ರದ ಪಕ್ಕ ಕೂತಿತು. ಇನ್ನೊಂದು, ದಿಕ್ಸೂಚಿಯ ಪ್ಲಾಸ್ಟಿಕ್ ಪೆಟ್ಟಿಗೆ, ಚಂದ್ರಾಮ ಕೂರುವ ಮರದ ಬೆಂಚಿನ ಹೊಟ್ಟೆಯೊಳಗೆ ಹೋಯಿತು. ಸಹಾಯಕ ಮೋಹನ ಸ್ಪ್ಯಾನರನ್ನು ಅದರ ಹತ್ತಿರ ಇಟ್ಟಿದ್ದೇ ತಡ, ಚಂದ್ರಾಮ ಹರಿಹಾಯ್ದ. "ಏ ಮೋಹನಾ, ಅಕಲ್ ಐತೇನ್ ನಿನಗ? ದಿಕ್ಸೂಚಿ ಬಾಜೂಕ ಕಬ್ಬಣ ಇಡತಾರೇನು?" ನಿರೀಕ್ಷಾ ಮೆಚ್ಚಿ ನೋಡಿದಳು. ಚಂದ್ರಾಮ ಎದೆ ಒಂದಿಂಚು ಉಬ್ಬಿಸಿದ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅವನು ಮಾತ್ರ ಮರುದಿನವೇ ಮರೆತ.

ಆ ಸೋಮವಾರವೇ ಯಂತ್ರ ಬೋಟನ್ನು ಆಚೆ ದಡಕ್ಕೆ ಒಯ್ದಿತು. ಕಂಬ ಟಾಂಕಿಯ ನಡುವಿನಿಂದ ಕದಲಲಿಲ್ಲ. ಗಾಳಿ ಬಂದಾಗ ಚಕ್ರ ತಾನೇ ಸ್ವಲ್ಪ ತಿರುಗಿ ಸರಿಮಾಡಿಕೊಂಡಿತು. ಎಲ್ಲಿಡಬೇಕೆಂದು ತಿಳಿಯದೆ ಚಂದ್ರಾಮ ಕೈಗಳನ್ನು ಒಮ್ಮೆ ತೊಡೆಯ ಮೇಲಿಟ್ಟ, ಒಮ್ಮೆ ಕಟ್ಟಿಕೊಂಡ, ಕಡೆಗೆ ಇಲ್ಲದ ಮೀಸೆಯನ್ನು ತಿರುವಿದ. ಅವನಿಗೆ ಬಹಳ ಕೆಡುಕೆನಿಸಿತು.

ಸಂಜೆ ಮನೆಯಲ್ಲಿ ಹೆಂಡತಿ ಅಂಬವ್ವನ ಎದುರು ಒದರಿಕೊಂಡ. ಅಂಬವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಪೂಜಾ ಮಾಡೀರೇನು ಅದಕ್ಕ?"

"ಯಂತ್ರಕ್ಕೆಂಥಾ ಪೂಜಾ?"

"ನಿಮ್ಮ ಜಾಗಾದಾಗ ಬಂದು ಕುಂತೈತಿ. ಕಣ್ಣಿಲ್ಲ ಅಂತೀರಿ. ದೇವರಾರ ಬ್ಯಾಡಾ ಅದಕ್ಕ?"

ಅವಳ ಮಾತಿಗೆ ಎದುರಾಡುವ ರೂಢಿ ಅವನಿಗಿರಲಿಲ್ಲ. ಆ ಮನೆಗೆ ಮಿಕ್ಸರ್ ಬಂದಾಗ ಪೂಜೆಯಾಗಿತ್ತು, ವಾಷಿಂಗ್ ಮಷೀನು ಬಂದಾಗ ಆಗಿತ್ತು, ಗೀಜರಿಗಂತೂ ಕಾಯಿ ಒಡೆದಿದ್ದರು. ಸುಲ್ತಾನ್ ಬಜಾರಿನಿಂದ ತಂದು ಪೆಟ್ಟಿಗೆಯಲ್ಲಿಟ್ಟಿದ್ದ ಪುಟ್ಟ ಗಣಪತಿಯನ್ನು ಅಂಬವ್ವ ತೆಗೆದುಕೊಟ್ಟಳು. ಕಾರಿನ ಮುಂದೆ ಕೂರಿಸುವಂಥದ್ದು, ಪಾದದ ಕೆಳಗೆ ಅಯಸ್ಕಾಂತ. ಅವರ ಮನೆಯಲ್ಲಿ ಕಾರಿರಲಿಲ್ಲ. ಎಂದಾದರೂ ಬಂದರೆ ಇರಲಿ ಎಂದು ತಂದಿದ್ದಳು.

ಮಂಗಳವಾರ ಎಲ್ಲರಿಗಿಂತ ಮೊದಲು ಬಂದ ಚಂದ್ರಾಮ ಪೂಜೆ ಮುಗಿಸಿದ. ಚಕ್ರದ ಪಕ್ಕದ ಪೆಟ್ಟಿಗೆಗೆ ವಿಭೂತಿ ಹಚ್ಚಿದರೆ ಹುಡುಗಿ ಬೈದಾಳೆಂದು ಬೆಂಚಿನ ಮುಚ್ಚಳ ಎತ್ತಿ, ದಿಕ್ಸೂಚಿಯ ಪೆಟ್ಟಿಗೆಯ ನೆತ್ತಿಯ ಮೇಲೆ ಗಣಪತಿಯನ್ನು ಇಟ್ಟ. ಪ್ಲಾಸ್ಟಿಕ್ಕಿಗೆ ಅಯಸ್ಕಾಂತ ಅಂಟಲಿಲ್ಲ. ಗಮ್ ಟೇಪ್ ಸುತ್ತಿ ಅಂಟಿಸಿದ. ಒಂದು ಚೆಂಡುಹೂವಿಟ್ಟು, ಮುಚ್ಚಳ ಹಾಕಿ, ಅದರ ಮೇಲೆ ತಾನೇ ಕೂತ. ದೇವರ ನೆತ್ತಿಯ ಮೇಲೆ ಕೂತದ್ದಕ್ಕೆ ಮನಸ್ಸಿನಲ್ಲೇ ಕೆನ್ನೆ ಬಡಿದುಕೊಂಡ.

ಆವತ್ತು ಬೋಟ್ ಹೊರಟಿತು. ನಿರೀಕ್ಷಾ ಎಡಕ್ಕೆ ಹತ್ತು ಡಿಗ್ರಿ ಒತ್ತಿದಳು. ಬೋಟ್ ಎಡಕ್ಕೆ ತಿರುಗಿತು. ತಿರುಗಿತು, ಇನ್ನೂ ತಿರುಗಿತು, ದಡ ಬಂತು, ಕೆರೆಯ ನಡುವಿನ ಕಲ್ಲಿನ ಬುದ್ಧ ಬಂದ, ಗುಡ್ಡದ ಮೇಲಿನ ಬಿಳಿ ಗುಡಿ ಬಂತು, ಮತ್ತೆ ಅದೇ ದಡ ಬಂತು. ಗಾಣದ ಎತ್ತಿನ ಹಾಗೆ ಸುತ್ತತೊಡಗಿದ ಬೋಟನ್ನು ಚಂದ್ರಾಮ ಸ್ಟ್ಯಾಂಡ್‌ಬೈ ಒತ್ತಿ ಬಿಡಿಸಿಕೊಂಡ. ನಿರೀಕ್ಷಾ ಬೆವರಿದಳು. ತಂತಿಗಳನ್ನು ನೋಡಿದಳು, ಮೋಟಾರು ನೋಡಿದಳು. ಪರದೆಯ ಮೇಲೆ ದಿಕ್ಕಿನ ಅಂಕಿ ಒಂದಿಷ್ಟೂ ಅಲುಗಾಡುತ್ತಿರಲಿಲ್ಲ. ಅಷ್ಟು ಸ್ಥಿರವಾಗಿದೆ ಎಂದರೆ ದಿಕ್ಸೂಚಿ ಚೆನ್ನಾಗಿಯೇ ಇದೆ ಎಂದು ಗಾಬರಿಯಲ್ಲಿ ಅಂದುಕೊಂಡಳು. ಬುಧವಾರ ಮೇಲಧಿಕಾರಿ ರಾಘವೇಂದ್ರ ಬೋಟಿಗೆ ಹತ್ತಿದರು. ಅವರನ್ನೂ ಬೋಟ್ ಮೂರು ಸುತ್ತು ಹಾಕಿಸಿತು. ದಡದಲ್ಲಿ ಕಡಲೆಕಾಯಿ ತಿನ್ನುತ್ತಿದ್ದವರು ಮೊಬೈಲ್ ತೆಗೆದು ವಿಡಿಯೊ ಮಾಡಿಕೊಂಡರು.

ಇಳಿದ ಮೇಲೆ ರಾಘವೇಂದ್ರ ನಿರೀಕ್ಷಾಳಿಗೆ ಹೇಳಿದ್ದು ಇಷ್ಟು: "ದೋಷ ಏನಂತ ಗೊತ್ತಾಗಲಾರದ ಇನ್ನೊಂದು ಪರೀಕ್ಷಾ ಕೊಡಂಗಿಲ್ಲ. ನಾಳೆ ಸಂಜಿ ತನಕಾ ಟೈಮ್. ಇಲ್ಲಾಂದ್ರ ಇದನ್ನ ಪ್ಯಾಕ್ ಮಾಡ್ರಿ, ನೀವು ಸ್ಟೋರ್ಸಿಗೆ ಹೋಗಿ ಸಾಮಾನು ಎಣಸ್ರಿ."

ಆ ಸಂಜೆ ಚಂದ್ರಾಮ ಖುಷಿಯಿಂದ ಎರಡು ರೊಟ್ಟಿ ಹೆಚ್ಚಿಗೆ ತಿಂದ. "ಮನಷ್ಯಾನ ಕೈ ಮನಷ್ಯಾನ ಕೈನ," ಎಂದು ಅಂಬವ್ವನಿಗೆ ಹೇಳಿದ. ಅವಳು, "ಆ ಹುಡುಗಿ ಉಂಡಳೋ ಇಲ್ಲೋ," ಎಂದಳು. ಅವನಿಗೆ ರುಚಿ ಸ್ವಲ್ಪ ಕೆಟ್ಟಿತು.

ಗುರುವಾರ ಮಧ್ಯಾಹ್ನ ಮೂರಾದರೂ ದೋಷ ಸಿಗಲಿಲ್ಲ. ನಿರೀಕ್ಷಾ ದಡದ ಶೆಡ್ಡಿನಲ್ಲಿ ಕೂತು ಯಂತ್ರ ವಾಪಸು ಕಳಿಸುವ ಕಾಗದ ಬರೆಯುತ್ತಿದ್ದಳು. ಮೋಹನ ಸ್ಕ್ರೂ ಬಿಚ್ಚಲು ಹೊರಟ. ಅವನಿಗಿಂತ ಮೊದಲು ಗಣಪತಿಯನ್ನು ಎತ್ತಿಕೊಳ್ಳಬೇಕೆಂದು ಚಂದ್ರಾಮ ಓಡಿಹೋಗಿ ಮುಚ್ಚಳ ತೆಗೆದ. ಟೇಪ್ ಕಿತ್ತು ವಿಗ್ರಹವನ್ನು ಕೈಗೆತ್ತಿಕೊಂಡ. ಸೊಂಟದಲ್ಲಿ ನೇತಾಡುತ್ತಿದ್ದ ಬೀಗದ ಕೈ ಗೊಂಚಲು ಠಪ್ಪೆಂದು ಹಾರಿ ದೇವರ ಪಾದಕ್ಕೆ ಅಂಟಿಕೊಂಡಿತು.

ಚಂದ್ರಾಮ ಗಣಪತಿಯ ಪಾದದ ಅಯಸ್ಕಾಂತವನ್ನು ನೋಡಿದ, ಕೆಳಗಿದ್ದ ದಿಕ್ಸೂಚಿಯ ಪೆಟ್ಟಿಗೆಯನ್ನು ನೋಡಿದ. ಸೋಮವಾರ ಸ್ಪ್ಯಾನರಿಗಾಗಿ ಮೋಹನನ ಮೇಲೆ ಹರಿಹಾಯ್ದದ್ದು ತಾನೇ. ಆದರೆ ದೇವರನ್ನು ಕಬ್ಬಿಣದ ಸಾಲಿಗೆ ಯಾರು ಸೇರಿಸುತ್ತಾರೆ?

ಈಗ ಅವನ ಮುಂದೆ ಇದ್ದದ್ದು ಎರಡೇ ದಾರಿ. ಗಣಪತಿಯನ್ನು ಜೇಬಿಗಿಳಿಸಿ ಸುಮ್ಮನಿದ್ದರೆ ಯಂತ್ರ ಪೆಟ್ಟಿಗೆ ಸೇರುತ್ತದೆ. ಇನ್ನೈದು ತಿಂಗಳು ಚಕ್ರ ಅವನದೇ, ನೇರ ಗೆರೆಯ ಹೆಸರೂ ಅವನದೇ. ಬಾಯಿ ಬಿಟ್ಟರೆ ನಗೆಪಾಟಲು. ಪರೀಕ್ಷೆಯ ಯಂತ್ರಕ್ಕೆ ಕೈಹಾಕಿದ್ದಕ್ಕೆ ಮೆಮೊ. ನಿವೃತ್ತಿಯ ಹೊಸ್ತಿಲಲ್ಲಿ ಫೈಲಿಗೊಂದು ಕಪ್ಪು ಚುಕ್ಕೆ. ಮೋಹನ ಸ್ಕ್ರೂಡ್ರೈವರ್ ಹಿಡಿದು ಬಂದು ನಿಂತ. ಶೆಡ್ಡಿನ ಕಿಟಕಿಯಲ್ಲಿ ನಿರೀಕ್ಷಾ ಕಾಣುತ್ತಿದ್ದಳು. ಬರೆಯುವುದನ್ನು ನಿಲ್ಲಿಸಿ, ದುಪಟ್ಟಾದ ತುದಿಯಿಂದ ಕನ್ನಡಕ ಒರೆಸಿಕೊಂಡಳು, ಕಣ್ಣೂ ಒರೆಸಿಕೊಂಡಳು. ಚಂದ್ರಾಮನಿಗೆ ತನ್ನ ಬಗ್ಗೆ ಹೇಸಿಗೆ ಹುಟ್ಟಿತು.

"ಬಿಚ್ಚಬ್ಯಾಡೋ, ತಡಿ," ಎಂದು ಮೋಹನನಿಗೆ ಹೇಳಿ ಶೆಡ್ಡಿನತ್ತ ನಡೆದ. ಮೂವತ್ತೊಂದು ವರ್ಷದಲ್ಲಿ ಅವನು ಅಷ್ಟು ಓರೆಯಾಗಿ ಎಂದೂ ನಡೆದಿರಲಿಲ್ಲ.

ರಾಘವೇಂದ್ರರೂ ಅಲ್ಲೇ ಇದ್ದರು. ಚಂದ್ರಾಮ ಕರವಸ್ತ್ರ ಬಿಚ್ಚಿ ಗಣಪತಿಯನ್ನು ಮೇಜಿನ ಮೇಲಿಟ್ಟ. ಬೀಗದ ಕೈ ಇನ್ನೂ ಅಂಟಿಕೊಂಡೇ ಇತ್ತು.

"ಸಾಹೇಬ್ರ, ದೋಷ ಇದ ನೋಡ್ರಿ. ನಾನ ಇಟ್ಟಿದ್ದೆ. ದಿಕ್ಸೂಚಿ ನೆತ್ತಿ ಮ್ಯಾಲ."

ನಿರೀಕ್ಷಾ ಬೀಗದ ಕೈಯನ್ನು ಎಳೆದು ಬಿಟ್ಟಳು, ಅದು ಮತ್ತೆ ಠಪ್ಪೆಂದು ಅಂಟಿತು. ಮರುಕ್ಷಣ ಕುರ್ಚಿಯಿಂದ ಹಾರಿದಳು. "ಅಯ್ಯೋ ಸಾರ್! ದಿಕ್ಸೂಚಿ ಗಣಪತಿಯನ್ನೇ ಉತ್ತರ ದಿಕ್ಕು ಅಂದ್ಕೊಂಡಿದೆ! ಬೋಟ್ ತಿರುಗಿದ್ರೆ ಗಣಪತಿಯೂ ಜೊತೆಗೇ ತಿರುಗ್ತಾನೆ. ಇನ್ನೂ ತಿರುಗೇ ಇಲ್ಲ ಅಂತ ಯಂತ್ರ ತಿರುಗಿಸ್ತಾನೇ ಇರುತ್ತೆ! ಅಂಕಿ ಅಲುಗಾಡದೆ ಇದ್ದಾಗಲೇ ನನಗೆ ಹೊಳೀಬೇಕಿತ್ತು."

ರಾಘವೇಂದ್ರ ಹುಬ್ಬು ಗಂಟಿಕ್ಕಿ ಚಂದ್ರಾಮನನ್ನು ನೋಡಿದರು. ಬೈಯಲು ಬಾಯಿ ತೆರೆದವರ ಕಣ್ಣು ಯಾಕೋ ಕಿಟಕಿಯಾಚೆ ನಿಂತಿದ್ದ ತಮ್ಮ ಕಾರಿನ ಮೇಲೆ ಬಿತ್ತು. ಅದರ ಗಾಜಿನ ಹಿಂದೆ ಇದೇ ಗಾತ್ರದ, ಇದೇ ಬಣ್ಣದ ಗಣಪತಿ ಕೂತಿದ್ದ. ಬಾಯಿ ಮುಚ್ಚಿಕೊಂಡರು.

"ನಡೀರಿ, ಬೋಟ್ ತಗೀರಿ," ಎಂದರು.

ನಾಲ್ಕೂವರೆಗೆ ಪರೀಕ್ಷೆ ಆಯಿತು. ಚಂದ್ರಾಮ ಕೈಯಿಂದ ಬೋಟನ್ನು ಸರಿಯಾದ ದಿಕ್ಕಿಗೆ ತಂದ, ಆಟೊ ಒತ್ತಿದ, ಚಕ್ರ ಬಿಟ್ಟ. ಎಡಕ್ಕೆ ಹತ್ತು ಎಂದರೆ ಹತ್ತೇ, ಬಲಕ್ಕೆ ಹತ್ತು ಎಂದರೆ ಹತ್ತೇ. ನಡುವೆ ಪ್ರವಾಸಿಗರ ದೋಣಿಯೊಂದು ಅಡ್ಡ ಬಂತು. ನಿರೀಕ್ಷಾ ಕೂಗುವ ಮೊದಲೇ ಅವನು ಸ್ಟ್ಯಾಂಡ್‌ಬೈ ಒತ್ತಿ, ಬಳಸಿಕೊಂಡು ಹೋಗಿ, ಮತ್ತೆ ಕಂಬವನ್ನು ಟಾಂಕಿಗೆ ಕೂಡಿಸಿ ಆಟೊ ಒತ್ತಿದ್ದ. ಕಂಬ ಮತ್ತೆ ಕದಲಲಿಲ್ಲ.

"ಕುರುಡ ಭಾಳ ಶಾಣ್ಯಾ ಅದಾನ್ರಿ," ಎಂದ. ಕೈ ಮತ್ತೆ ಇಲ್ಲದ ಮೀಸೆಗೆ ಹೋಯಿತು.

ದಡಕ್ಕೆ ಬಂದ ಮೇಲೆ ನಿರೀಕ್ಷಾ ವರದಿ ತುಂಬಲು ಕೂತಳು. ಚಂದ್ರಾಮ ಎದುರು ಕೈಕಟ್ಟಿ ನಿಂತ.

"ನನ್ನ ಹೆಸರು ಬರೀರಿ. ಚಂದ್ರಾಮ ಇಟ್ಟ ಅಂತ. ಮುಚ್ಚಬ್ಯಾಡ್ರಿ. ಇಷ್ಟು ವರ್ಷದಾಗ ಒಮ್ಮಿನೂ ಹೆಸರು ಬಂದಿಲ್ಲ, ತಪ್ಪಿಗಾದ್ರೂ ಬರಲಿ."

ನಿರೀಕ್ಷಾ ಹಾಳೆಯನ್ನು ಮೇಲಿನಿಂದ ಕೆಳಗೆ ಹುಡುಕಿದಳು. "ಅಂಕಲ್, ಯಾರು ಮಾಡಿದ್ರು ಅನ್ನೋ ಕಾಲಮ್ಮೇ ಇಲ್ಲ ಇದರಲ್ಲಿ. ದೋಷ: ದಿಕ್ಸೂಚಿಯ ಬಳಿ ಅಯಸ್ಕಾಂತ. ಆಮೇಲೆ ಒಂದೇ ಕಾಲಮ್ ಇರೋದು." ಅವನಿಗೆ ಕಾಣುವಂತೆ ಹಾಳೆ ತಿರುಗಿಸಿದಳು. 'ದೋಷ ಪತ್ತೆ ಮಾಡಿದವರು' ಎಂದಿತ್ತು. ಅದರ ಮುಂದೆ ದಪ್ಪ ಅಕ್ಷರದಲ್ಲಿ ಬರೆದಳು: ಚಂದ್ರಾಮ, ಬೋಟ್ ಚಾಲಕ. ರಾಘವೇಂದ್ರ ಒಮ್ಮೆ ಓದಿ, ಕೆಮ್ಮಿ, ಸಹಿ ಹಾಕಿದರು. ಮೆಮೊ ಮಾತು ಎತ್ತಲಿಲ್ಲ.

ಚಂದ್ರಾಮ ಕಣ್ಣಿಗೆ ಕೆರೆಯ ಗಾಳಿ ಹೊಡೆಯಿತೆಂದು ಮುಖ ತಿರುಗಿಸಿದ, ಶೆಡ್ಡಿನೊಳಗೆ ಗಾಳಿ ಇರದಿದ್ದರೂ.

ಹಾಳೆಯ ಒಂದು ಜೆರಾಕ್ಸ್ ಪ್ರತಿಯನ್ನು ಮಡಿಸದೆ, ಮೆಟ್ರೊದ ನೂಕುನುಗ್ಗಲಿನಲ್ಲಿ ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಮನೆಗೆ ತಂದ. ನಿಲ್ದಾಣಗಳು ಬಂದಾಗ ಕಾಲು ಒತ್ತುವುದನ್ನೂ ಮರೆತ. ರೈಲು ಹೇಗೋ ನಿಂತುಕೊಂಡಿತು. ಅಂಬವ್ವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

"ನನ್ನ ಹೆಸರು ಎಲ್ಲೈತ್ರಿ?"

"ನಿಂದ್ಯಾಕ?"

"ಗಣಪತಿ ಕೊಟ್ಟಾಕಿ ನಾನು. ನಾ ಕೊಡದಿದ್ರ ನೀವು ಏನ ಹುಡುಕತಿದ್ರಿ?"

ಅಂಬವ್ವ ಅವನ ಕೈಚೀಲದಿಂದ ಗಣಪತಿಯನ್ನು ತೆಗೆದು ಸೆರಗಿನಿಂದ ಒರೆಸಿದಳು. ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ, ಬಂದವರಿಗೆಲ್ಲ ಕಾಣುವಷ್ಟು ಎತ್ತರಕ್ಕೆ ಒತ್ತಿ ಹಿಡಿದು, ಅದರ ಮೇಲೆ ಗಣಪತಿಯನ್ನು ಇಟ್ಟಳು. ಈ ಸಲ ಟೇಪು ಬೇಕಾಗಲಿಲ್ಲ.