ನೀಲಿ ಹಂಡೆಯ ಪಕ್ಕ

ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಪಾಟ್‌ಲಕ್ ಊಟ ಮುಗಿದ ಮೇಲೆ ಯಾರಾದರೂ ದೆವ್ವ, ಶಕುನ ಎಂದು ಶುರು ಮಾಡಿದರೆ ನಾನು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದೆ. ವಾದ ಮಾಡುವಷ್ಟು ಆಸಕ್ತಿಯೂ ಇರಲಿಲ್ಲ. ಈಗ ನಾನೇ ಇಂಥದ್ದೊಂದನ್ನು ಹೇಳಲು ಕೂತಿರುವುದಕ್ಕೆ ನನಗೇ ನಾಚಿಕೆ. ನಂಬಿ ಎಂದು ನಿಮ್ಮನ್ನು ಕೇಳುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ತೊಂಬತ್ತರ ದಶಕದ ನಡುಭಾಗ. ನಾವಾಗ ಅಮೆರಿಕದ ರೆಸ್ಟನ್‌ನಲ್ಲಿದ್ದೆವು. ಕಂಪನಿ ಎರಡು ವಾರದ ಕೆಲಸಕ್ಕೆ ನನ್ನನ್ನು ಬೀಜಿಂಗ್‌ಗೆ ಕಳಿಸುವುದೆಂದಾಯಿತು. ಹೆಂಡತಿ ವಿಮಲಾ ತಾನೂ ಬರುತ್ತೇನೆಂದಳು. ಹೊರಡಲು ಐದು ದಿನವಿದೆ ಎನ್ನುವಾಗ ಅಟ್ಲಾಂಟದಿಂದ ಗಿರಿಜಾಳ ಫೋನ್ ಬಂತು. ಅವಳ ಗಂಡ ನಾಗೇಶ, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗಿನಿಂದ ನನ್ನ ಗೆಳೆಯ, ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಜ್ಞೆಯಿಲ್ಲದೆ ಮಲಗಿದ್ದ. ತಕ್ಷಣ ಕಾರು ಹತ್ತಿ, ಎರಡೂ ಕ್ಯಾರೊಲಿನಾ ರಾಜ್ಯಗಳನ್ನು ದಾಟಿ, ಸಂಜೆಗೆ ಆಸ್ಪತ್ರೆ ಸೇರಿದೆ.

"ಹೆಸರು ಹಿಡಿದು ಕರೀರಿ. ಕಿವಿಗೆ ಬೀಳ್ತಿರ್ಬಹುದು ಅಂತಾರೆ ಡಾಕ್ಟ್ರು. ನಿಮ್ಮ ವಾಯ್ಸ್ ರೆಕಗ್ನೈಜ್ ಮಾಡಿದ್ರೂ ಮಾಡ್ಬಹುದು" ಎಂದಳು ಗಿರಿಜಾ.

ನನ್ನಿಂದಾಗಲಿಲ್ಲ. ಮೂಗಿನಲ್ಲಿ ನಳಿಗೆ, ಪಕ್ಕದಲ್ಲಿ ನರ್ಸ್. ಓಗೊಡದವನನ್ನು ಕರೆಯುವುದು ನಾಟಕದ ಹಾಗೆ ಅನ್ನಿಸಿತು. ದಾರಿಯಲ್ಲಿ ಟ್ರಾಫಿಕ್ ಎಷ್ಟಿತ್ತು ಎಂದು ಗಿರಿಜಾಳಿಗೇ ಹೇಳುತ್ತ ಕೂತೆ. ಎರಡು ದಿನ ಅಲ್ಲೇ ಇದ್ದರೂ ಒಂದು ಸಲವೂ ಕರೆಯಲಿಲ್ಲ. "ನೀವು ಹೋಗ್ಬನ್ನಿ, ಇಲ್ಲಿದ್ದು ಏನ್ಮಾಡ್ತೀರ" ಎಂದು ಅವಳು ಹೇಳಿದಾಗ ಅವಳ ಮುಖ ನೋಡಲಾರದೆ ಹೊರಟೆ.

ಬೀಜಿಂಗ್‌ನಲ್ಲಿ ಮೊದಲ ಭಾನುವಾರ ಮಿಂಗ್ ಅರಸರ ಸಮಾಧಿಗಳನ್ನು ನೋಡಲು ಪ್ರವಾಸದ ಬಸ್ಸಿನಲ್ಲಿ ಹೋದೆವು. ಅವುಗಳಲ್ಲಿ ಒಂದರೊಳಕ್ಕೆ, ನೆಲದಡಿಗೆ, ಇಳಿದು ಹೋಗಬಹುದು. ಹೊರಗೆ ಸೆಕೆ, ಮೆಟ್ಟಿಲಿಳಿದಂತೆ ಚಳಿ. ಅಮೃತಶಿಲೆಯ ಬಾಗಿಲ ಬಳಿ ವಿಮಲಾ ದೇವಸ್ಥಾನದ ಅಭ್ಯಾಸದಿಂದ ಶೂ ಬಿಚ್ಚಲು ಬಗ್ಗಿದಳು. ಕಾವಲಿನವನು ಗದರಿಸಿದ. ಒಳಗೆ ಅರಸನಿಗೂ ರಾಣಿಯರಿಗೂ ಕಲ್ಲಿನ ಪೀಠಗಳು, ಮುಂದೆ ನೀಲಿ ಚಿತ್ತಾರದ ಪಿಂಗಾಣಿ ಹಂಡೆ. ಮೈಸೂರಿನ ಮನೆಯ ಬಚ್ಚಲ ಹಂಡೆಗಿಂತ ದೊಡ್ಡದು. ಅದರಲ್ಲಿ ಎಣ್ಣೆ ತುಂಬಿ ನಂದಾದೀಪ ಹಚ್ಚಿಟ್ಟಿದ್ದರಂತೆ. ಬಾಗಿಲು ಮುಚ್ಚಿದ ಮೇಲೆ ಗಾಳಿಯಿಲ್ಲದೆ ಆರಿಹೋಯಿತು ಎಂದಳು ನಮ್ಮ ಗೈಡ್, ಒಬ್ಬ ಚಿಕ್ಕ ವಯಸ್ಸಿನ ಹೆಂಗಸು. ನನಗೆ ನಾಗೇಶನ ಹಾಸಿಗೆ ನೆನಪಾಯಿತು. ಉಳಿದವರು ಮುಂದೆ ಹೋದರೂ ನಾನು ಹಂಡೆಯ ಪಕ್ಕ ಸ್ವಲ್ಪ ಹೊತ್ತು ನಿಂತೇ ಇದ್ದೆ.

ಮೇಲೆ ಬಂದು ಕಲ್ಲಿನ ಕಮಾನೊಂದನ್ನು ದಾಟುವ ಮುಂಚೆ ಗೈಡ್ ಎಲ್ಲರನ್ನೂ ನಿಲ್ಲಿಸಿದಳು. ಸಮಾಧಿಯೊಳಗೆ ಹೋದವರು ಇಲ್ಲಿ ತಮ್ಮ ಹೆಸರು ಹೇಳಿ, ವಾಪಸ್ ಬಂದೆ ಎಂದು ಹೇಳಿಯೇ ದಾಟಬೇಕಂತೆ. ಇಲ್ಲದಿದ್ದರೆ ಅವರ ಜೀವ ಒಂದಿಷ್ಟು ಅಲ್ಲೇ ಉಳಿದುಬಿಡುತ್ತದಂತೆ. ವಿಮಲಾ ಶ್ರದ್ಧೆಯಿಂದ ಹೇಳಿ ದಾಟಿದಳು.

"ಸ್ಮಶಾನಕ್ಕೆ ಹೋಗ್ಬಂದ್ರೆ ನಾವು ಸ್ನಾನ ಮಾಡಲ್ವಾ, ಹಾಗೇ ಇದು. ನೀವೂ ಹೇಳ್ರೀ" ಎಂದಳು.

"ಆ ಪುಣ್ಯಾತ್ಮ ಸತ್ತು ಮುನ್ನೂರು ವರ್ಷದ ಮೇಲಾಯ್ತು. ಇನ್ನೂ ಎಂಥ ಮೈಲಿಗೆ" ಎಂದು ರೇಗಿಸಿದೆ.

ಆದರೂ ಎಲ್ಲರೂ ಕಾಯುತ್ತಿದ್ದರು. ನನ್ನ ಹೆಸರು ಹೇಳಲೆಂದೇ ಬಾಯಿ ತೆರೆದೆ. ಬಂದದ್ದು, "ನಾಗೇಶಾ, ಬಾರೋ." ಜೋರಾಗಿಯೇ ಕರೆದೆ. ಕಣ್ಣು ತುಂಬಿ ಬಂತು. ಬೇರೆಯವರೆದುರು ಅವಮಾನವಾದಂತಾಗಿ ಬಿರಬಿರನೆ ಕಮಾನು ದಾಟಿ ಬಸ್ ಹತ್ತಿದೆ. ಗಡಿಯಾರ ನೋಡಿಕೊಂಡೆ, ಹತ್ತೂವರೆ. ನನ್ನ ಹೆಸರು ಹೇಳುವುದು ಉಳಿದೇಹೋಯಿತು.

ಅವತ್ತು ಸಂಜೆ ಹೋಟೆಲಿನಿಂದ ಗಿರಿಜಾಳಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು. "ಕಣ್ಣು ಬಿಟ್ರು, ರಾತ್ರಿ ಹತ್ತೂವರೆಗೆ" ಎಂದು ಅಳುತ್ತಿದ್ದಳು. ಅಲ್ಲಿಗೂ ಇಲ್ಲಿಗೂ ಸರಿಯಾಗಿ ಹನ್ನೆರಡು ಗಂಟೆಯ ವ್ಯತ್ಯಾಸ. ಕಾಕತಾಳೀಯ ಎಂದುಕೊಂಡೆ. ಸಂತೋಷದಲ್ಲಿ ಹೆಚ್ಚು ಯೋಚಿಸಲೂ ಇಲ್ಲ.

ಅಮೆರಿಕಕ್ಕೆ ಮರಳಿದ ವಾರವೇ ನಾವಿಬ್ಬರೂ ಅಟ್ಲಾಂಟಕ್ಕೆ ಹೋದೆವು. ಹೆಂಗಸರಿಬ್ಬರೂ ಕಾಫಿ ತರಲು ಹೋಗಿದ್ದಾಗ ನಾಗೇಶ ನನ್ನನ್ನು ಬಹಳ ಹೊತ್ತು ನೋಡಿದ. ಮಾತು ಇನ್ನೂ ತಡವರಿಸುತ್ತಿತ್ತು.

"ದೊಡ್ಡ ನೀಲಿ ಹಂಡೆ ಪಕ್ಕ ಕೂತಿದ್ದೆ ಕಣೋ. ಚಳಿ. ಮೇಲಿಂದ ನೀನು ಕರ್ದೆ, ಎದ್ದು ಮೆಟ್ಲು ಹತ್ತಿದೆ. ತಿರುಗಿ ನೋಡಿದ್ರೆ ನಾನು ಕೂತಿದ್ದ ಜಾಗದಲ್ಲಿ ನೀನು ಕೂತಿದ್ದೆ. ಯಾಕೋ ಬರ್ಲಿಲ್ಲ?"

ಹಂಡೆಯ ವಿಷಯ ಫೋನಿನಲ್ಲಿ ಯಾರಿಗೂ ಹೇಳಿರಲಿಲ್ಲ. ವಿಮಲಾಳನ್ನು ಕೇಳಿದೆ, ಅವಳೂ ಹೇಳಿರಲಿಲ್ಲ. ಫೋಟೋ ರೀಲು ಇನ್ನೂ ಕ್ಯಾಮೆರಾದಲ್ಲೇ ಇತ್ತು.

ನಾಗೇಶ ಈಗ ಚೆನ್ನಾಗಿದ್ದಾನೆ. ಹಾಗೆ ಹೇಳಿದ್ದೇ ಅವನಿಗೆ ನೆನಪಿಲ್ಲ. ಔಷಧಿಯ ಅಮಲು ಎನ್ನಬಹುದು, ನಾನೂ ಹಾಗೆಯೇ ಹೇಳಿಕೊಳ್ಳುತ್ತೇನೆ. ಆದರೆ ಅಂದಿನಿಂದ ನನಗೆ ಏನೋ ಆಗಿದೆ. ಪಕ್ಕದಲ್ಲೇ ನಗುವವರ ನಗು ದೂರದಿಂದ ಕೇಳಿದಂತಾಗುತ್ತದೆ. ಜುಲೈ ತಿಂಗಳಲ್ಲೂ ಪಾದ ತಣ್ಣಗಿರುತ್ತದೆ. ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಏನೂ ಇಲ್ಲ ಎಂದರು. "ಒಂದ್ಸಲ ಅಲ್ಲಿಗೆ ಹೋಗಿ ನಿಮ್ಮ ಹೆಸರು ಹೇಳಿ ಬರೋಣ" ಎಂದು ವಿಮಲಾ ಎಷ್ಟೋ ಸಲ ಕೇಳಿದ್ದಾಳೆ. ನಂಬದವನು ಯಾವ ಮುಖ ಹೊತ್ತು ಹೋಗಲಿ? ಹೋಗಿ ಹೇಳಿದರೂ ಏನೂ ಬದಲಾಗದಿದ್ದರೆ ಎಂಬ ಭಯವೂ ಇದೆ.

ಸಂಜೆ ನಾನು ಗರಾಜಿನ ಬಾಗಿಲು ತೆರೆದಾಗ ವಿಮಲಾ ಅಡುಗೆಮನೆಯಿಂದ "ಬಂದ್ರಾ?" ಎಂದು ಕೇಳುತ್ತಾಳೆ. ಎಲ್ಲರ ಮನೆಯಲ್ಲೂ ಕೇಳುವ ಮಾತೇ. ಮೊದಲೆಲ್ಲ ಉತ್ತರಕ್ಕೆ ಕಾಯುತ್ತಿರಲಿಲ್ಲ. ಈಗ ಒಲೆ ಸಣ್ಣ ಮಾಡಿ ಕಾಯುತ್ತಾಳೆ. ಬಂದೆ ಎನ್ನುತ್ತೇನೆ. ಆಮೇಲೂ ಅವಳು ಬಾಗಿಲವರೆಗೆ ಬಂದು, ನನ್ನ ಮುಖ ನೋಡಿಯೇ ಒಳಗೆ ಹೋಗುತ್ತಾಳೆ.